ಕೆಡದ ಕಾರಿನ ಯುರೋಪ್ ಪ್ರವಾಸ

ಕೆಲಸ ಕೆಡಿಸಿದವನು ಬೈಸಿಕೊಳ್ಳುವುದು ನ್ಯಾಯ. ಅಚ್ಚುಕಟ್ಟಾಗಿ ಕೆಲಸ ಮಾಡಿ ಬೈಸಿಕೊಂಡ ಮೆಕ್ಯಾನಿಕ್ ಮಾತ್ರ ಇಡೀ ಬಹರೈನಿನಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಯಾರಿಗಾದರೂ ಹೇಳದೆ ನನ್ನ ಹೊಟ್ಟೆಯುರಿ ಆರುವ ಹಾಗಿಲ್ಲ.

ಹೋದ ವರ್ಷ ಸನದ್‌ನ ನಮ್ಮ ಗ್ಯಾರೇಜಿಗೆ ಬ್ರಾಯನ್ ಎಂಬ ಅಮೆರಿಕನ್ ಸಾಹೇಬರು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ತಂದರು. ತಂದರು ಅಂದರೆ, ಲಾರಿಯ ಮೇಲೆ ಹೇರಿಕೊಂಡು ತಂದರು. ನನಗಿಂತ ಹಿರಿಯ ಕಾರು. ಇಬ್ಬರು ಕೂತರೆ ಊಟದ ಡಬ್ಬಿ ಇಡಲೂ ಜಾಗವಿಲ್ಲ. ಏಸಿಯಂತೂ ಕೇಳಲೇಬೇಡಿ. ಇಲ್ಲೇ ಅದ್ಲಿಯಾದಲ್ಲಿದ್ದ ಇಂಗ್ಲಿಷ್ ಮುದುಕರೊಬ್ಬರಿಂದ ಕೊಂಡದ್ದಂತೆ. ಅದನ್ನು ಹಡಗಿನಲ್ಲಿ ಕಳಿಸಿ ಗಂಡ ಹೆಂಡತಿ ಯುರೋಪ್ ಸುತ್ತುತ್ತಾರಂತೆ. ಅಮೆರಿಕದ ಗೆಳೆಯರೂ ಲಂಡನ್ನಿಗೆ ಬಂದಿಳಿದು, ಇಂಥವೇ ಮುದಿ ಕಾರುಗಳನ್ನು ಕೊಂಡು ಜೊತೆಗೂಡುತ್ತಾರಂತೆ. ಇವರಿಗೆಲ್ಲ ರೈಲಿನಲ್ಲಿ ಹೋಗಲು ಏನು ಧಾಡಿಯೋ!

"ಜಗದೀಶ್, ನಿನ್ನ ಕೆಲಸ ಮೆಚ್ಚಿಗೆಯಾದರೆ ಮುಂದಿನ ವರ್ಷ ನಮ್ಮ ಮೆಕ್ಯಾನಿಕ್ ಆಗಿ ನಿನ್ನನ್ನೂ ಕರೆದೊಯ್ಯುತ್ತೇವೆ. ವೀಸಾ, ಟಿಕೆಟ್ ಎಲ್ಲ ನಮ್ಮದು" ಎಂದರು ಸಾಹೇಬರು.

ಅಷ್ಟು ಸಾಕಾಯಿತು. ಸಂಜೆಯೊಳಗೆ ಗುದೈಬಿಯಾದ ನಮ್ಮ ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿಸಿದವಳು ನನ್ನ ಹೆಂಡತಿ ಶಶಿಕಲಾ. ಕೆಳಗಿನ ಅಂಗಡಿಯವನೂ ಮೀನು ತೂಗುತ್ತಾ "ಯುರೋಪ್ ಕಬ್ ಜಾನಾ ಹೈ ಭಾಯ್?" ಎಂದು ಕೇಳತೊಡಗಿದ. ಹೊರಗೆ ನಲವತ್ತೈದು ಡಿಗ್ರಿ ಕಾಯುತ್ತಿರುವಾಗ ಇವಳು ನನಗೊಂದು ಉಣ್ಣೆಯ ಸ್ವೆಟರ್ ಕೊಂಡು ತಂದಳು. ನಾನೂ ಏನು ಕಡಿಮೆಯೇ? ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದೆ.

ಆ ಕಾರಿಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಇಂಥ ಕಾರುಗಳಿಗೆ ಆಯಿಲ್ ಸೋರುವುದು ಹುಟ್ಟುಗುಣ, ತಲೆ ಕೆಡಿಸಿಕೊಳ್ಳಬೇಡ ಎಂದರು ನಮ್ಮ ಮಾಲೀಕರು. ನನಗೆ ರೋಷ ಉಕ್ಕಿತು. ಎಂಜಿನ್ನನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. ಕಾರಿನಡಿ ಒಂದು ವಾರ ರಟ್ಟು ಹಾಸಿಟ್ಟೆ. ಒಂದೇ ಒಂದು ಹನಿ ಬಿದ್ದಿದ್ದರೆ ಕೇಳಿ!

ಪ್ರವಾಸ ಮುಗಿಸಿ ಗ್ಯಾರೇಜಿಗೆ ಬಂದ ದಂಪತಿಯ ಮುಖ ಸೋತುಹೋಗಿತ್ತು. ಓಡಿಹೋಗಿ ಕೇಳಿದೆ, "ಎಲ್ಲಿ ಕೈಕೊಟ್ಟಿತು ಸರ್?"

"ಎಲ್ಲೂ ಕೈಕೊಡಲಿಲ್ಲ. ಅದೇ ತಾಪತ್ರಯ."

ಗೆಳೆಯರ ಕಾರುಗಳು ಊರೂರಲ್ಲಿ ಕೆಟ್ಟು ನಿಂತವಂತೆ. ಹಳ್ಳಿಯವರು ಬಂದು ತಳ್ಳಿದರಂತೆ, ಮನೆಗೆ ಕರೆದು ಊಟ ಹಾಕಿದರಂತೆ. ಒಂದು ಜೋಡಿಗಂತೂ ಯಾರದೋ ಮದುವೆಯಲ್ಲಿ ಕುಣಿಯುವ ಭಾಗ್ಯ! ಇವರು ಮಾತ್ರ ದಿನವೂ ಎಲ್ಲರಿಗಿಂತ ಮೊದಲು ಹೋಟೆಲ್ ಸೇರಿ ಮುಖ ಮುಖ ನೋಡುತ್ತಾ ಕೂತಿದ್ದರು. "ಹದಿನೆಂಟು ದಿನ, ಈ ಮನುಷ್ಯನ ಜೊತೆ, ನಾನೊಬ್ಬಳೇ!" ಎಂದು ಮೇಡಂ ನನ್ನನ್ನೇ ದುರುಗುಟ್ಟಿ ನೋಡಿದರು. ಇವರಿಗೆ ಮದುವೆ ಮಾಡಿಸಿದ್ದು ನಾನೇ?

ಆದರೂ ನಾಚಿಕೆ ಬಿಟ್ಟು ಮುಂದಿನ ವರ್ಷದ ಮಾತೆತ್ತಿದೆ. ಸಾಹೇಬರು ನಕ್ಕು ಬೆನ್ನು ತಟ್ಟಿದರು. "ಈ ಕಾರಿಗೆ ಮೆಕ್ಯಾನಿಕ್ ಯಾಕಪ್ಪ ಬೇಕು?"

ಇದಕ್ಕೇನನ್ನಬೇಕು ಹೇಳಿ! ಮನೆಗೆ ಬಂದು ಗೋಳು ತೋಡಿಕೊಂಡರೆ ಶಶಿಕಲಾ ಗಾಯಕ್ಕೆ ಇನ್ನಷ್ಟು ಉಪ್ಪು ಸವರಿದಳು. "ನಿಮಗೆ ಸ್ವಲ್ಪ ಹಾಳು ಮಾಡಿ ಕೊಡ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ? ಅಡುಗೆಮನೆಯ ನಲ್ಲಿ ನೀವು ರಿಪೇರಿ ಮಾಡಿದ್ದು ಎರಡು ದಿನ ನಿಲ್ಲುದಿಲ್ಲ. ಆ ಬುದ್ಧಿ ಅಲ್ಲಿ ಯಾಕೆ ಬರ್ಲಿಲ್ಲ?"

ಈ ವರ್ಷ ಪ್ರವಾಸಕ್ಕೆ ಮುಂಚೆ ಅದೇ ಕಾರು ಸರ್ವಿಸಿಗೆ ಬಂತು. ಗ್ಯಾರೇಜಿನವರೆಲ್ಲ ಊಟಕ್ಕೆ ಹೋಗಿದ್ದರು. ನನ್ನೊಳಗೆ ಸೈತಾನ ಹೊಕ್ಕ. ವಾಟರ್ ಪಂಪಿನ ಬೋಲ್ಟನ್ನು ಬರೀ ಅರ್ಧ ಸುತ್ತು ಸಡಿಲಿಸಿಬಿಟ್ಟರೆ? ಇಲ್ಲೇ ಎರಡು ದಿನ ಓಡಿಸುವಷ್ಟರಲ್ಲಿ ನೀರು ಸೋರುತ್ತದೆ, ಸಾಹೇಬರಿಗೆ ನನ್ನ ನೆನಪಾಗುತ್ತದೆ, ವೀಸಾ ತಾನಾಗಿ ಬರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಕಾಲು ಕೊಟ್ಟು ಎಳೆದೆ. ಊಹೂಂ. ಹೋದ ವರ್ಷ ಯಾವ ದರಿದ್ರದವನು ಇದನ್ನು ಇಷ್ಟು ಬಿಗಿದದ್ದು ಎಂದು ಬೈದುಕೊಂಡೆ. ಬೈದ ಮೇಲೆ ನೆನಪಾಯಿತು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಸುಲಿಯಿತು.

"ಇನ್ನೂ ಬಿಗಿಯುತ್ತಲೇ ಇದ್ದೀಯಾ ಜಗದೀಶ್?" ಹಿಂದೆ ಸಾಹೇಬರು ನಿಂತಿದ್ದರು.

"ಸುಮ್ಮನೆ ನೋಡುತ್ತಿದ್ದೆ ಸರ್" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಈ ಹಾಳು ಬಾಯಿ ಕೇಳಬೇಕಲ್ಲ! "ಇನ್ನು ಹತ್ತು ವರ್ಷ ಇದಕ್ಕೆ ಯಾರೂ ಕೈಹಾಕಬೇಕಾಗಿಲ್ಲ" ಎಂದು ಎದೆಯುಬ್ಬಿಸಿ ಸೇರಿಸಿದೆ.