ಖಡಕ್ ರೊಟ್ಟಿಗಾಗಿ ನೆಟ್ಟ ಹಲ್ಲು

ಹಲ್ಲಿನ ಡಾಕ್ಟರರ ಮೆಟ್ಟಿಲು ಹತ್ತಿದವನು ನಗೆಪಾಟಲಾಗದೆ ಮನೆಗೆ ಬರುವುದು ಕಡಿಮೆ. ನಾನೂ ನಗೆಪಾಟಲಾಗಿಯೇ ಬಂದೆ.

೧. ಕಾರಣ

ದವಡೆ ಹಲ್ಲು ಹೋದ ಮೇಲೆ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ತಿನ್ನತೊಡಗಿದೆ. ಹೆಂಡತಿಯೂ ಹಾಗೇ ತಿನ್ನತೊಡಗಿದಳು. ಆಕೆ ಹಾರೂಗೇರಿಯವಳು, ಖಡಕ್ ರೊಟ್ಟಿ ಎಂದರೆ ಜೀವ. ನನ್ನ ಸಲುವಾಗಿ ಬಿಟ್ಟಳಲ್ಲ ಎಂದು ಸಂಕಟವಾಯಿತು. ಚಿಕ್ಕೋಡಿಗೆ ಹೋದೆ.

“ಏನ ತ್ರಾಸ ಐತ್ರಿ, ಅಜ್ಜಾರ?” ಎಂದರು ಡಾಕ್ಟರು.

“ನನಗೇನಿಲ್ಲ. ಮನ್ಯಾಕಿ ಖಡಕ್ ರೊಟ್ಟಿ ತಿನ್ನಬೇಕು.”

“ಹಂಗಾದ್ರ ಅವರನ್ನ ಕರಕೊಂಡ ಬರ್ರಿ.”

“ಆಕಿ ಹಲ್ಲು ಗಟ್ಟಿ ಅದಾವು. ನನಗ ಹಾಕ್ರಿ.”

ಡಾಕ್ಟರು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದರು.

೨. ಪಕ್ಕದವರು

ಹೊರಗೆ ಬಂದಾಗ ಬೆಂಚಿನ ಮೇಲೆ ಸದಲಗಾದ ಹಾಲಿನವರೊಬ್ಬರು ಕುಳಿತಿದ್ದರು. ಅವರದು ತೆಗೆದಿಡುವ ಹಲ್ಲಿನ ಸೆಟ್.

“ಚಲೋ ಐತೇನ್ರಿ?” ಎಂದೆ.

“ಏಕದಂ ಚಲೋ. ಊಟಕ್ಕ ಕುಂತಾಗ ತಗದ ಕಿಸೇದಾಗ ಇಡ್ತೀನಿ.”

“ಮತ್ತ ಹಾಕೊಳ್ಳೂದ ಯಾವಾಗ?”

“ಫೋಟೋ ತಗಿಯೂಮುಂದ.”

೩. ಬೇರು

ನನಗೆ ಬೇರೆ ನಮೂನೆ. ದವಡೆಯ ಎಲುಬಿಗೆ ಮೊದಲು ಸ್ಕ್ರೂ ಕೂರಿಸುವುದು. ಮೂರು ನಾಲ್ಕು ತಿಂಗಳಲ್ಲಿ ಎಲುಬು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ಅದರ ಮೇಲೆ ಹಲ್ಲು. ನಮ್ಮದು ಅಥಣಿ ಕಡೆ ದ್ರಾಕ್ಷಿ ತೋಟ. ನಾವೂ ಮೊದಲು ಕಾಡು ಬೇರು ನೆಟ್ಟು, ಅದು ಹಿಡಿದ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುತ್ತೇವೆ. ತಿಳಿಯಿತು ಎಂದೆ. ಸ್ಕ್ರೂ ಕೂರಿಸಿ ಕಳಿಸಿದರು.

ಮುಂದಿನ ಸಲ ಡಾಕ್ಟರು ಬಾಯಿ ನೋಡಿ ಗಾಬರಿಯಾದರು. ವಸಡು ಬಾತಿತ್ತು.

“ಇದನ್ನ ಯಾರ ಅಲ್ಲಾಡ್ಸ್ಯಾರ್ರಿ?”

“ನಾನ. ದಿನಾ ಮುಂಜಾನೆ.”

“ಯಾಕ್ರಿ?”

“ಬೇರು ಹಿಡದೈತೋ ಇಲ್ಲೋ ನೋಡಾಕ.”

“ತೋಟದಾಗೂ ಹಿಂಗ ಮಾಡ್ತೀರೇನು?”

“ಇಲ್ಲ. ಸಸಿ ಸಾಯ್ತಾವಲ್ಲ.”

೪. ರೊಟ್ಟಿ

ಪುಣ್ಯಕ್ಕೆ ಬೇರು ಹಿಡಿಯಿತು, ಹಲ್ಲು ಕೂತವು. ಅಂದು ಹೆಂಡತಿ ಖಡಕ್ ರೊಟ್ಟಿ ಮಾಡಿದಳು. ನಾನು ಕಟಂ ಎಂದು ಕಡಿದೆ. ಆಕೆಯ ಕಟಂಗಾಗಿ ಕಾದೆ. ಆಕೆ ತನ್ನ ರೊಟ್ಟಿಯನ್ನು ಹಾಲಿನಲ್ಲಿ ಮುರಿದಳು.

“ಇನ್ನ ಯಾಕ ಹಾಲು? ಹಲ್ಲು ಬಂದುವಲ್ಲ.”

“ನಿಮ್ಮವು ಬಂದುವ್ರಿ,” ಎಂದು ಬಾಯಿ ತೆರೆದು ತೋರಿಸಿದಳು. ದವಡೆ ಎರಡೂ ಕಡೆ ಖಾಲಿ.

“ಯಾವಾಗ ಹೋದ್ವು?”

“ನಿಮಗಿಂತ ಮೊದಲ. ಒಳಗ ಒಬ್ಬಾಕಿನ ಕುಂತ ಹಾಲಾಗ ತಿಂತಿದ್ನಿ. ನಿಮ್ಮವು ಹೋದ ಮ್ಯಾಲ ನಿಮ್ಮ ಸಂಗಾಟ ಕುಂತ ತಿನ್ನಾಕ ಬಂತು.”

ಉಳಿದ ನನ್ನ ರೊಟ್ಟಿಯನ್ನೂ ಹಾಲಿನಲ್ಲಿ ಮುರಿದೆ.

ಮರುದಿನ ಆಕೆಯನ್ನು ಚಿಕ್ಕೋಡಿಗೆ ಕರೆದುಕೊಂಡು ಹೋಗಿ ಅದೇ ಕುರ್ಚಿಯಲ್ಲಿ ಕೂರಿಸಿದೆ.

“ಏನ ತ್ರಾಸ ಐತ್ರಿ, ಅಮ್ಮಾರ?”

“ನನಗೇನಿಲ್ರಿ,” ಎಂದಳು. “ಇವರು ಒಬ್ರ ಖಡಕ್ ರೊಟ್ಟಿ ತಿನ್ನಂಗಿಲ್ಲ ಅಂತಾರ.”