ಮೇಸ್ತ್ರಿಗೆ ಕಳಿಸಿದ ನೋಟೀಸು

ಮನೆ ಕಟ್ಟಿಸಿದವರಿಗೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ನಗುವ ಭಾಗ್ಯ ಮಾತ್ರ ಪಕ್ಕದ ಮನೆಯವರದು. ನಮ್ಮ ಸರದಿ ಬಂದದ್ದು ಶಿಡ್ಲಘಟ್ಟದಲ್ಲಿ, ಗೃಹಪ್ರವೇಶವಾದ ಮೊದಲ ಮಳೆಗೆ. ಮಗು ಮಲಗುವ ಕೋಣೆಯಲ್ಲೇ ತಾರಸಿ ಸೋರಿತು. ಮೇಸ್ತ್ರಿ ತನ್ನ ಖರ್ಚಿನಲ್ಲೇ ಅದನ್ನು ಸರಿಮಾಡಿ ಕೊಡಬೇಕು. ನನ್ನ ಹಟ ಅಷ್ಟೇ.

೧. ದೃಷ್ಟಿ

ಮೇಸ್ತ್ರಿ ಬಂದು ಮೇಲೆ ನೋಡಿದ, ಕೆಳಗೆ ನೋಡಿದ. "ಯಾರದೋ ಕಣ್ಣು ಬಿದ್ದಿದೆ ಕಣಮ್ಮ, ಬೂದುಗುಂಬಳಕಾಯಿ ಕಟ್ಟು" ಅಂದ.

ನಮ್ಮತ್ತೆ ಕಟ್ಟಿಯೂಬಿಟ್ಟರು. ಮುಂದಿನ ಮಳೆಗೆ ಗೋಡೆಯೂ ಬಿರುಕು ಬಿಟ್ಟಿತು.

"ಕಣ್ಣು ಬಿದ್ದು ಸೋರೋ ಹಾಗಿದ್ರೆ, ನಮ್ಮೂರ ಸಾಹುಕಾರ್ರ ಮನೇಲಿ ಇಷ್ಟೊತ್ತಿಗೆ ಈಜಬಹುದಿತ್ತು ಮೇಸ್ತ್ರಿ" ಅಂದೆ.

೨. ಬಾಯಿಮಾತು

ನಮ್ಮ ಬೀದಿಯಲ್ಲಿ ಕೋರ್ಟಿನಿಂದ ರಿಟೈರಾದ ಗುಮಾಸ್ತರೊಬ್ಬರಿದ್ದಾರೆ. ಅವರ ಹತ್ತಿರ ಹೋದೆವು. "ಕರಾರು ಪತ್ರ ಎಲ್ಲಿ?" ಅಂದರು.

ನಮ್ಮ ಯಜಮಾನರು ರೇಷ್ಮೆ ನೂಲು ತೆಗೆಸುವವರು. "ಗೊತ್ತಿರೋ ಮೇಸ್ತ್ರಿ ಸಾರ್. ಬಾಯಿಮಾತಲ್ಲೇ ಆಯ್ತು" ಅಂದರು.

ನನಗೆ ತಡೆಯಲಾಗಲಿಲ್ಲ. "ಮಾರ್ಕೆಟ್‌ನಲ್ಲಿ ಒಂದು ಬುಟ್ಟಿ ರೇಷ್ಮೆಗೂಡು ಕೊಳ್ಳೋಕೆ ಹತ್ತು ಗೂಡು ಕುಯ್ದು ನೋಡ್ತೀರಿ. ಮನೆಗೆ ಬಾಯಿಮಾತು!"

ಗುಮಾಸ್ತರು ಸಮಾಧಾನ ಹೇಳಿದರು. ಬಾಯಿಮಾತೂ ಕರಾರೇ, ಆದರೆ ಸಾಕ್ಷಿ ಬೇಕು. ಸಿಮೆಂಟು, ಕಬ್ಬಿಣ ಅಂತ ಮೇಸ್ತ್ರಿ ಕೈಯಾರೆ ಬರೆದ ಚೀಟಿಯಿದ್ದರೂ ಆಗುತ್ತೆ. ರಿಪೇರಿಗೆ ಮೊದಲು ಫೋಟೋ ತೆಗೆಸಿ. ರಿಜಿಸ್ಟರ್ ಪೋಸ್ಟಲ್ಲಿ ನೋಟೀಸು ಕಳಿಸಿ. ಬಗ್ಗದಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ವೇದಿಕೆಗೆ ದೂರು ಕೊಡಿ, ವಕೀಲರೇ ಬೇಕೆಂದಿಲ್ಲ.

"ನೋಟೀಸು ಯಾರು ಬರೀತಾರೆ?" ಅಂದರು ಯಜಮಾನರು.

"ದಿನಾ ಬೈಯೋರು ಮನೇಲೇ ಇದಾರಲ್ಲಪ್ಪ" ಅಂದರು ಗುಮಾಸ್ತರು.

೩. ರಸೀದಿ

ನನ್ನ ಹತ್ತನೇ ಕ್ಲಾಸಿನ ಕನ್ನಡ ಆವತ್ತು ನೋಟೀಸು ಬರೆಯೋಕೆ ಉಪಯೋಗಕ್ಕೆ ಬಂತು. ಮೂರನೇ ದಿನ ಮೇಸ್ತ್ರಿ ಕಾಗದ ಹಿಡಿದುಕೊಂಡೇ ಬಂದ.

"ಏನಮ್ಮಾ, ಪೋಸ್ಟಲ್ಲಿ ಬೈದಿದೀಯ? ಎದುರಿಗೇ ಬೈಯೋದಲ್ವಾ?"

"ಎದುರಿಗೆ ಬೈದ್ರೆ ರಸೀದಿ ಸಿಗಲ್ಲ ಮೇಸ್ತ್ರಿ."

೪. ಕುರ್ಚಿ

ಮೇಸ್ತ್ರಿ ಬಗ್ಗಲಿಲ್ಲ. ದೂರಿನ ಜೊತೆ ವರದಿ ಇರಲಿ ಅಂತ ಚಿಕ್ಕಬಳ್ಳಾಪುರದಿಂದ ಎಂಜಿನಿಯರೊಬ್ಬರನ್ನು ಕರೆಸಿದೆವು. ಮೇಸ್ತ್ರಿಗೂ ಹೇಳಿಕಳಿಸಿದೆವು. ಆವತ್ತು ನೋಡಿದರೆ ಒಳ್ಳೆ ಬಿಸಿಲು. ಕೋಣೆ ಒಣಗಿ ಗರಿಗರಿ.

"ಎಲ್ಲಿ ಸಾರ್ ಸೋರ್ತಿದೆ? ಒಂದು ತೊಟ್ಟು ತೋರಿಸ್ಲಿ" ಅಂದ ಮೇಸ್ತ್ರಿ.

ಎಂಜಿನಿಯರು ತಾರಸಿ ಮೇಲೆ ಮಣ್ಣಿನ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸಿದರು. ಕಾಯುವ ಹೊತ್ತಿಗೆ ಇರಲಿ ಅಂತ ನಾನು ಕೋಣೆಯ ನಡುವೆ ಕುರ್ಚಿ ಹಾಕಿ, ಮೇಸ್ತ್ರಿಗೆ ಕಾಫಿ ಕೊಟ್ಟೆ. ಮೇಸ್ತ್ರಿ ಲೋಟ ತಗೊಂಡ, ಕಾಲಲ್ಲೇ ಕುರ್ಚಿಯನ್ನು ಗೋಡೆ ಪಕ್ಕಕ್ಕೆ ತಳ್ಳಿ ಕೂತ.

"ಯಾಕ್ರೀ ಸರಿಸಿದ್ರಿ?" ಅಂದರು ಎಂಜಿನಿಯರು.

"ಅಲ್ಲಿ ಕೂತ್ರೆ ಕಾಫಿಗೆ ನೀರು ಬೀಳುತ್ತೆ ಸಾರ್."

ಅಂದಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಎಂಜಿನಿಯರು ಆಗಲೇ ಪೆನ್ನು ತೆಗೆದಿದ್ದರು.

"ಬರೀಬೇಡಿ ಸಾರ್! ಸೋಮವಾರವೇ ಕೆಲಸ ಶುರು ಮಾಡ್ತೀನಿ. ಒಂದು ಪೈಸೆ ಕೇಳಲ್ಲ."

"ಬರೀರಿ ಸಾರ್" ಅಂದೆ. "ಸೋಮವಾರ ಬಂದ್ರೆ ಹರಿದು ಹಾಕೋಣ."

ಸೋಮವಾರ ನಾನು ಬಾಗಿಲು ತೆಗೆಯುವ ಮೊದಲೇ ಮೇಸ್ತ್ರಿ ತಾರಸಿ ಮೇಲಿದ್ದ.