ಮುಖ್ಯ ಅತಿಥಿಗಳು ಕೂತೆದ್ದ ಗಾಲಿಕುರ್ಚಿಯ ವಿಚಾರ

ಮರುಬಳಕೆ ಕೇಂದ್ರದ ಮಾನ್ಯ ಮೇಲ್ವಿಚಾರಕರೇ,

ತಮಗೂ, ತಮ್ಮ ಮೇಜಿನ ಮೇಲೆ ಸಾಲಾಗಿ ಕೂತಿರುವ ಮೊಹರುಗಳಿಗೂ ನನ್ನ ಸವಿನಯ ನಮಸ್ಕಾರಗಳು. ಕೇಂದ್ರದ ಸ್ವತ್ತನ್ನು ಒಯ್ದದ್ದೇಕೆ ಎಂದು ಕೇಳಿ ತಾವು ಕಳುಹಿಸಿದ ನೋಟಿಸ್ ತಲುಪಿತು. ಅಷ್ಟು ಚೆಂದದ ನೋಟಿಸಿಗೆ ಗುಟ್ಟಾಗಿ ಉತ್ತರಿಸುವುದು ಅನ್ಯಾಯವೆನ್ನಿಸಿ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅವರ ಗಾಲಿಕುರ್ಚಿಯನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಬೇಡವಾದ ಸಾಮಾನನ್ನು ಬೇಕಾದವರಿಗೆ ಮುಟ್ಟಿಸುತ್ತೇವೆಂಬ ತಮ್ಮ ಫಲಕವನ್ನು ನಂಬಿ, ಗಾಲಿಗಳಿಗೆ ಎಣ್ಣೆ ಬಿಟ್ಟು, ಸೀಟನ್ನು ಹೊಲಿಸಿ ತಂದೊಪ್ಪಿಸಿದೆ. ಮರುವಾರವೇ ನಮ್ಮ ಮೇಲಿನ ಮನೆಯ ದರ್ಜಿಯ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ದರ್ಜಿ ತಮ್ಮಲ್ಲಿಗೆ ಓಡಿ ಬಂದರೆ, ಮುಖ್ಯ ಅತಿಥಿಗಳಿಂದ ಕೇಂದ್ರದ ಉದ್ಘಾಟನೆಯಾಗದೆ ಒಂದು ಚಮಚವೂ ಹೊರಹೋಗದೆಂದೂ, ಅಲ್ಲದೆ ತನಗೆ ನಡೆಯಲಾಗದೆಂದು ಆ ತಾಯಿಯೇ ತಮ್ಮ ಕಚೇರಿಯ ಮಹಡಿ ಹತ್ತಿ ಬಂದು ಸಹಿ ಹಾಕಬೇಕೆಂದೂ ತಾವು ವಿವರಿಸಿದಿರಂತೆ. ಇಂಥ ನಿಯಮವನ್ನು ನಗದೆ ಓದಿ ಹೇಳುವ ತಮ್ಮ ಸಂಯಮಕ್ಕೆ ಕೈಮುಗಿಯಬೇಕು. ಅತಿಥಿಗಳಿಗೆ ಬಿಡುವಾಗುವವರೆಗೆ, ಎರಡು ತಿಂಗಳು, ಆತ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದು ಆಸ್ಪತ್ರೆಗೆ ಓಡಾಡಿದ.

ಕೊನೆಗೂ ಆ ಶುಭದಿನ ಬಂತು. ದರ್ಜಿಯೂ ನಾನೂ ಆ ತಾಯಿಯನ್ನು ಕರೆತಂದು ಅಂಗಳದ ಕಟ್ಟೆಯ ಮೇಲೆ ಕೂರಿಸಿದೆವು. ಅತಿಥಿಗಳು ರಿಬ್ಬನ್ ಕತ್ತರಿಸಿ, ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡು, ತಮ್ಮ ಕಾಲಮೇಲೆಯೇ ಎದ್ದು ಹೋದರು. ಒಡನೆ ತಾವು, ಮುಂದಿನ ಸಮಾರಂಭಕ್ಕೂ ಬೇಕಾಗುತ್ತದೆಂದು ಅದನ್ನು ಉಗ್ರಾಣಕ್ಕೆ ತಳ್ಳಿಸಲು ಹೇಳಿದಿರಿ. ಆ ತಾಯಿ ನನ್ನ ಸೆರಗು ಜಗ್ಗಿ, “ಅದು ನಿಮ್ಮಪ್ಪಂದೇ ಅಲ್ವೇನಮ್ಮಾ? ನಾನು ಕೂತ್ರೆ ಅವರೇನೂ ಬೇಜಾರು ಮಾಡ್ಕೊಳಲ್ಲ” ಎಂದರು.

ಕೂರಿಸಿದೆ. ತಳ್ಳಿಕೊಂಡು ಹೊರಟೆ. ತಮ್ಮ ಕಾವಲುಗಾರ ಗೇಟನ್ನು ಪೂರ್ತಿ ತೆರೆದು ನಿಂತ. ಆ ಕೇಂದ್ರದಲ್ಲಿ ಅಂದು ನಡೆದ ಒಂದೇ ಕೆಲಸ ಅದು. ಅಪ್ಪ ಹೋದ ಮೇಲೆ ಆ ಹಿಡಿಕೆಗಳಲ್ಲಿ ಮನುಷ್ಯರ ಭಾರ ಸಿಕ್ಕಿದ್ದು ಆಗಲೇ. ರಸ್ತೆಯಲ್ಲೇ ಅತ್ತುಬಿಟ್ಟೆ. ಅದನ್ನೂ ನನ್ನ ಅಪರಾಧಗಳಿಗೆ ಸೇರಿಸಿಕೊಳ್ಳಿ.

ತಮ್ಮಲ್ಲಿ ಒಂದೇ ಬಿನ್ನಹ. ಮುಂದಿನ ವರ್ಷ ಅತಿಥಿಗಳು ಯಾವ್ಯಾವ ದಿನ ಬಿಡುವಾಗಿರುತ್ತಾರೆಂದು ಈಗಲೇ ಪ್ರಕಟಿಸಿದರೆ, ನಮ್ಮ ಕೇರಿಯ ಹಿರಿಯರು ಅದನ್ನು ನೋಡಿಕೊಂಡೇ ಜಾರಿ ಬೀಳಲು ಅನುಕೂಲವಾದೀತು.

ತಮ್ಮ ವಿಶ್ವಾಸಿ,
ತಮ್ಮ ಕಡತದಲ್ಲಿ ಸದ್ಯಕ್ಕೆ ಕಳ್ಳಿ

ಮರೆತಿದ್ದೆ: ಉಪಯೋಗಕ್ಕೆ ಬಾರದ್ದು ಇನ್ನೇನಾದರೂ ಇದೆಯೇ ಎಂದು ತಮ್ಮ ಕಚೇರಿಯಿಂದ ಫೋನ್ ಬಂದಿತ್ತು. ನಮ್ಮ ಮನೆಯಲ್ಲಿ ಏನೂ ಉಳಿದಿಲ್ಲ. ತಮ್ಮ ಕಚೇರಿಯಲ್ಲಿ, ಮೊಹರುಗಳ ಹಿಂದೆ, ಅಂಥವರೊಬ್ಬರನ್ನು ನೋಡಿದ್ದೇನೆ, ಆದರೆ ಯಾರ ಮನೆಯವರೂ ಇಟ್ಟುಕೊಳ್ಳಲು ಒಪ್ಪುತ್ತಿಲ್ಲ.